ಹೆಗ್ಗಣದ ಬೋನಿಗೆ ಲಂಗರು

"ಎಂಟು ದಿನ ಸಾಕು. ಒಂಬತ್ತನೆಯ ದಿನವೂ ಆ ಹೆಗ್ಗಣ ಹೊರಗೆ ಓಡಾಡ್ತಾ ಇದ್ದರೆ ನನ್ನ ಡಾಕ್ಟರೇಟನ್ನ ವಿಶ್ವವಿದ್ಯಾಲಯಕ್ಕೆ ಅಂಚೆಯಲ್ಲಿ ವಾಪಸು ಕಳಿಸಿಬಿಡ್ತೀನಿ" ಎಂದು ಡಾಕ್ಟರ್ ಮಂದಾಕಿನಿ ಒಂದು ಶನಿವಾರ ಮಧ್ಯಾಹ್ನ ಸಾರನ್ನ ಕಲೆಸುತ್ತ ಘೋಷಿಸಿದರು.

ಎದುರಿಗೆ ಕೂತಿದ್ದ ಪತಿ ದಾಮೋದರ ಹಪ್ಪಳ ಮುರಿದರು. "ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸು. ಬರೀ ಅಂಚೆಯಲ್ಲಾದರೆ ಕಳೆದುಹೋಗತ್ತೆ."

"ನಿಮಗೆ ನಂಬಿಕೆ ಇಲ್ಲ."

"ಹೆಗ್ಗಣದ ಮೇಲೆ ಇದೆ."

ಮಂದಾಕಿನಿ ತಿರುವನಂತಪುರದ ಹತ್ತಿರದ ತುಂಬ ಎಂಬ ಊರಿನ ಬಾಹ್ಯಾಕಾಶ ಕೇಂದ್ರದಲ್ಲಿ ಇಪ್ಪತ್ತೆಂಟು ವರ್ಷದಿಂದ ಇದ್ದವರು. ಅವರ ಕೆಲಸವನ್ನು ಸರಳವಾಗಿ ಹೇಳುವುದಾದರೆ, ಗಟ್ಟಿಯಾಗಿ ಹಿಡಿದುಕೊಂಡಿರುವ ವಸ್ತುಗಳನ್ನು ಕಿತ್ತು ಬರುವ ತನಕ ಎಳೆಯುವುದು, ಎಷ್ಟು ಎಳೆದಾಗ ಕಿತ್ತು ಬಂತು ಎಂದು ಬರೆದಿಡುವುದು. ಬೋಲ್ಟು, ಬೆಸುಗೆ, ಕೊಂಡಿ, ಯಾವುದನ್ನು ತೋರಿಸಿದರೂ ಅದರ ಆಯುಸ್ಸನ್ನು ಹೇಳಬಲ್ಲವರು. ಅವರು ಕಾರಿಡಾರಿನಲ್ಲಿ ಬರುತ್ತಿದ್ದರೆ ಕಿರಿಯ ಎಂಜಿನಿಯರುಗಳು ತಮ್ಮ ಅಂಗಿಯ ಗುಂಡಿಗಳನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ದಾಮೋದರರದು ಕೊಚ್ಚಿಯ ಹತ್ತಿರ ಅಂಬಲಮುಗಳಿನ ತೈಲಾಗಾರದಲ್ಲಿ ಉಗ್ರಾಣದ ಉಸ್ತುವಾರಿ. ವಾರವೆಲ್ಲ ತ್ರಿಪ್ಪುಣಿತ್ತುರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದು, ಶನಿವಾರ ಕೊಚ್ಚಿಯಿಂದ ರೈಲು ಹತ್ತಿ ತಿರುವನಂತಪುರಕ್ಕೆ ಬಂದು, ಭಾನುವಾರ ಸಂಜೆ ಅದೇ ಹಳಿಗಳ ಮೇಲೆ ವಾಪಸಾಗುತ್ತಿದ್ದರು. ಹನ್ನೊಂದು ವರ್ಷದಿಂದ ಹೀಗೇ. ಈ ಹನ್ನೊಂದು ವರ್ಷದಲ್ಲಿ ಗಂಡ ಹೆಂಡತಿಯ ನಡುವೆ ಒಂದು ದೊಡ್ಡ ಜಗಳವೂ ಆಗಿರಲಿಲ್ಲ. ಜಗಳ ಕಾವೇರುವಷ್ಟರಲ್ಲಿ ರೈಲಿನ ಹೊತ್ತಾಗುತ್ತಿತ್ತು.

ಇನ್ನು ಹೆಗ್ಗಣ. ಅದು ಮಂದಾಕಿನಿಯವರ ಹೆಗ್ಗಣವಲ್ಲ, ಪಕ್ಕದ ಮನೆಯ ಫಾತಿಮಾ ಅವರದು. ಫಾತಿಮಾ ಅವರ ಹಿತ್ತಿಲಿನ ಮರಗೆಣಸಿನ ಪಾತಿಗೆ ನುಗ್ಗಿ, ಬುಡದಲ್ಲಿ ಬಿಲ ತೋಡಿ, ಗೆಣಸನ್ನು ಅರ್ಧ ತಿಂದು ಅರ್ಧ ಅಲ್ಲೇ ಬಿಸಾಕಿ ಹೋಗುವ ಹೆಗ್ಗಣ. ಪಕ್ಕದ ಮನೆಯ ಹೆಗ್ಗಣಕ್ಕಾಗಿ ಒಬ್ಬ ವಿಜ್ಞಾನಿ ತನ್ನ ಡಾಕ್ಟರೇಟನ್ನು ಪಣಕ್ಕಿಟ್ಟದ್ದೇಕೆ ಎಂದು ತಿಳಿಯಬೇಕಾದರೆ ಎರಡು ತಿಂಗಳು ಹಿಂದಕ್ಕೆ ಹೋಗಬೇಕು.

ತೊಂಬತ್ತನಾಲ್ಕರ ಫೆಬ್ರವರಿಯಲ್ಲಿ, ಐವತ್ತಾರನೆಯ ವಯಸ್ಸಿನಲ್ಲಿ, ಮಕ್ಕಳಿಗೆ ಬರಬೇಕಾದ ಸೀತಾಳೆ ಸಿಡುಬು ಮಂದಾಕಿನಿಯವರಿಗೆ ಬಂತು. ತಡವಾಗಿ ಬಂದದ್ದಕ್ಕೆ ಬಡ್ಡಿ ಸೇರಿಸಿಕೊಂಡೇ ಬಂತು. ಅಂಗಾಲಿನಿಂದ ನೆತ್ತಿಯವರೆಗೆ ಗುಳ್ಳೆ, ನೂರಮೂರು ಜ್ವರ. ದಾಮೋದರರಿಗೆ ಬಾಲ್ಯದಲ್ಲಿ ಆ ಭಾಗ್ಯ ಒದಗಿರಲಿಲ್ಲವಾದ್ದರಿಂದ ಮನೆಯ ಹತ್ತಿರ ಸುಳಿಯಕೂಡದು ಎಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಅವರು ದಿನಾ ತ್ರಿಪ್ಪುಣಿತ್ತುರದ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ತಾವೇ ಅತ್ತು, ಹೆಂಡತಿಯಿಂದ ಸಮಾಧಾನ ಹೇಳಿಸಿಕೊಂಡು ಇಡುತ್ತಿದ್ದರು. ಸಹೋದ್ಯೋಗಿಗಳು ಇಪ್ಪತ್ತೆರಡು ಜನ ಸಹಿ ಮಾಡಿದ ಶುಭಾಶಯ ಪತ್ರವನ್ನು ಗೇಟಿಗೆ ಸಿಕ್ಕಿಸಿ, ಕ್ಷಿಪಣಿಗೆ ಕಿಡಿ ಹಚ್ಚಿದವರ ಹಾಗೆ ದೂರ ಓಡಿದರು.

ಗೇಟು ತೆಗೆದು ಒಳಗೆ ಬಂದವರು ಫಾತಿಮಾ ಒಬ್ಬರೇ. ಅರವತ್ತು ದಾಟಿದ, ಒಂದು ಆಡು ಮತ್ತು ಒಂಬತ್ತು ಕೋಳಿಗಳ ಯಜಮಾನಿ. ಅಲ್ಲಿಯವರೆಗೆ ಅವರಿಬ್ಬರ ಪರಿಚಯ ಬೇಲಿಯಾಚೆಗಿನ ತಲೆಯಾಡಿಸುವಿಕೆಗಷ್ಟೇ ಸೀಮಿತವಾಗಿತ್ತು.

"ನನಗೆ ಏಳನೇ ವಯಸ್ಸಿಗೇ ಬಂದು ಹೋಗಿದೆ ಮೇಡಂ. ಅದಕ್ಕೆ ನನ್ನ ಗುರುತಿದೆ, ಇನ್ನು ಮುಟ್ಟಲ್ಲ" ಎಂದು ಫಾತಿಮಾ ಮಲಯಾಳದಲ್ಲಿ ಹೇಳಿ ಒಲೆ ಹಚ್ಚಿದರು. ಹದಿನೇಳು ದಿನ ಎರಡು ಹೊತ್ತು ಗಂಜಿ, ಎಳನೀರು. ಹಾಸಿಗೆಯ ಮೇಲೆ ಬೇವಿನ ಎಲೆ. ಕೆರೆದುಕೊಳ್ಳಲು ಹೋದರೆ ಕೈಮೇಲೆ ಒಂದು ಏಟು. ಇಪ್ಪತ್ತೆಂಟು ವರ್ಷದಲ್ಲಿ ಮಂದಾಕಿನಿಯವರ ಕೈಮೇಲೆ ಹೊಡೆದ ಮೊದಲ ವ್ಯಕ್ತಿ.

ಗುಣವಾದ ಮೇಲೆ, ಇನ್ನೂ ವೈದ್ಯಕೀಯ ರಜೆಯಲ್ಲಿದ್ದ ಮಂದಾಕಿನಿ ಕಷ್ಟಕ್ಕೆ ಸಿಕ್ಕಿಕೊಂಡರು. ಕೃತಜ್ಞತೆಯನ್ನು ಮನಸ್ಸಿನೊಳಗೆ ಇಟ್ಟುಕೊಂಡು ತಿರುಗುವುದು ಅವರ ಜಾಯಮಾನಕ್ಕೆ ಒಗ್ಗುವ ಮಾತಲ್ಲ. ಅದನ್ನು ಒಂದು ನಿರ್ದಿಷ್ಟ ಕೆಲಸವಾಗಿ ಮಾಡಿ ಮುಗಿಸಿಬಿಡಬೇಕು. ಒಂದು ರೇಷ್ಮೆ ಸೀರೆ ಕೊಟ್ಟರು. "ಈ ಬಣ್ಣ ನಿಮಗೇ ಒಪ್ಪತ್ತೆ" ಎಂದು ಮರುದಿನ ವಾಪಸು ಬಂತು. ಡಬ್ಬಿ ತುಂಬ ಮೈಸೂರು ಪಾಕು ಕೊಟ್ಟರು. ಅದೇ ಡಬ್ಬಿಯಲ್ಲಿ ಹಲಸಿನ ತೊಳೆ ತುಂಬಿಕೊಂಡು ಬಂತು, ಮೇಲೆ ಒಂದು ಬುಟ್ಟಿ ಮಾವಿನಕಾಯಿ. ಏನು ಹೇಳಿದರೂ ಫಾತಿಮಾ ಅವರದು ಒಂದೇ ಉತ್ತರ: "ಸಾರಮಿಲ್ಲ ಮೇಡಂ." ಪರವಾಗಿಲ್ಲ ಬಿಡಿ ಎನ್ನುವುದಕ್ಕೆ ಮಲಯಾಳಿಗಳ ಮಾತು. ಆ ಮಾತಿನ ಗೋಡೆಯನ್ನು ದಾಟುವ ಯಂತ್ರ ತುಂಬದಲ್ಲೂ ತಯಾರಾಗಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಬೇಲಿಯಾಚೆ ಕೆದರಿದ ಮಣ್ಣು, ಒರಗಿದ ಗೆಣಸಿನ ಗಿಡ ಕಣ್ಣಿಗೆ ಬಿತ್ತು.

"ಇದೇನು, ಇತ್ತಾ?" ಎಂದರು ಮಂದಾಕಿನಿ. ಅಲ್ಲಿ ಮುಸ್ಲಿಮರ ಮನೆಗಳಲ್ಲಿ ಅಕ್ಕನನ್ನು 'ಇತ್ತಾ' ಎಂದು ಕರೆಯುತ್ತಾರೆ. ಗಂಜಿಯ ಮೂರನೆಯ ದಿನದಿಂದ ಇವರೂ ಹಾಗೇ ಕರೆಯತೊಡಗಿದ್ದರು.

"ಹೆಗ್ಗಣ ಮೇಡಂ. ದೊಡ್ಡದು, ನಮ್ಮ ಕೋಳಿಗಿಂತ ದಪ್ಪ ಇದೆ."

ಮಂದಾಕಿನಿಯವರ ಕಣ್ಣು ಹೊಳೆಯಿತು. "ಬೋನು ಇದೆಯೇ?"

ಇತ್ತು. ಫಾತಿಮಾ ಅವರ ತಂದೆ ಸ್ವಂತ ಕೈಯಿಂದ ಹೆಣೆದ ದಪ್ಪ ತಂತಿಯ ಬೋನು. ಒಳಗೆ ತಿನಿಸು ಎಳೆದರೆ ಮೇಲಿನಿಂದ ಹಲಗೆ ಬಾಗಿಲು ಕೆಳಗಿಳಿದು ಮುಚ್ಚಿಕೊಳ್ಳುವಂಥದು. ಮಂದಾಕಿನಿ ಅದನ್ನು ಎರಡು ಕೈಯಲ್ಲೂ ಹಿಡಿದು, ಸರ್ಕಾರದ ಪದಕ ಸ್ವೀಕರಿಸುವಂತೆ ಸ್ವೀಕರಿಸಿದರು. ಆ ಶನಿವಾರದ ಘೋಷಣೆಯ ಹಿನ್ನೆಲೆ ಇಷ್ಟು.

ಸೋಮವಾರವೇ ಹೆಗ್ಗಣ ಬಿತ್ತು. ಬಿದ್ದದ್ದು ನಿಜ, ಬಾಗಿಲು ಮುಚ್ಚಿದ್ದೂ ನಿಜ. ಆದರೆ ಬೆಳಿಗ್ಗೆ ನೋಡಿದರೆ ಪಾತಿಯಲ್ಲಿ ಬೋನೇ ಇರಲಿಲ್ಲ! ವಾಸನೆ ಹಿಡಿದು ಬಂದ ಬೀದಿನಾಯಿಗಳು ಅದನ್ನು ಉರುಳಿಸಿಕೊಂಡು ಹೋಗಿ, ರಸ್ತೆಯ ಪಕ್ಕದ ಚರಂಡಿಯಲ್ಲಿ ಕೆಡವಿದ್ದವು. ತಲೆಕೆಳಗಾದ ಬೋನಿನ ಬಾಗಿಲು ತಾನಾಗಿ ತೆರೆದುಕೊಂಡಿತ್ತು. ಹೆಗ್ಗಣ ಮನೆಗೆ ಹೋಗಿತ್ತು.

"ಚರಂಡಿಯಲ್ಲಿ ಸಿಕ್ಕಿದ್ದು ಬೋನಿನ ಪುಣ್ಯ" ಎಂದರು ಎದುರುಮನೆಯ ಅಚ್ಯುತನ್. ಇವರು ನಿವೃತ್ತ ಕಂದಾಯ ಅಧಿಕಾರಿ. ದಿನದ ಹೆಚ್ಚಿನ ಪಾಲು ಕಾಂಪೌಂಡ್ ಗೋಡೆಯ ಮೇಲೆ ಮೊಣಕೈ ಊರಿಕೊಂಡು ಬೀದಿಯ ಆಡಳಿತವನ್ನು ಈಗಲೂ ನೋಡಿಕೊಳ್ಳುತ್ತಿದ್ದರು. "ಒಂದು ಗೂಟಕ್ಕೆ ಕಟ್ಟಿ ಮೇಡಂ."

ಗೂಟಕ್ಕೆ ಕಟ್ಟಿದರು. ಕಡಲತೀರದ ಮರಳು ನೆಲ. ಗೂಟ ಮೊಸರನ್ನದಲ್ಲಿ ಸಿಕ್ಕಿಸಿದ ಕಡ್ಡಿಯ ಹಾಗೆ ಎರಡು ಬೆರಳಿಗೆ ಎದ್ದುಬಂತು. ತೆಂಗಿನ ಮರಕ್ಕೆ ಕಟ್ಟೋಣವೆಂದರೆ ಮರ ಇದ್ದದ್ದು ಹಿತ್ತಿಲಿನ ಆ ತುದಿಯಲ್ಲಿ, ಹೆಗ್ಗಣ ಓಡಾಡುವ ದಾರಿ ಈ ತುದಿಯಲ್ಲಿ. ಆಮೇಲೆ ಮಂದಾಕಿನಿ ನಾಲ್ಕು ಕರಟಗಳಿಗೆ ಸಿಮೆಂಟು ತುಂಬಿ, ನಡುವೆ ಕೊಕ್ಕೆ ನಿಲ್ಲಿಸಿ, ಒಣಗಿಸಿ, ಬೋನಿನ ನಾಲ್ಕು ಮೂಲೆಗೆ ಕಟ್ಟಿ ಹೂತರು. ನಾಯಿಗಳು ಕರಟದ ಸಮೇತ ಬೋನನ್ನು ಎಳೆದುಕೊಂಡು ಹೋದವು. ಈ ಸಲ ಗೆಜ್ಜೆ ಕಟ್ಟಿಕೊಂಡು ಹೋದ ಹಾಗೆ ಸದ್ದಾಯಿತಂತೆ. ಅಚ್ಯುತನ್ ಕೇಳಿಸಿಕೊಂಡಿದ್ದರು.

ಎಂಟು ದಿನದ ಗಡುವು ಮೀರಿತು. ದಾಮೋದರ ಗಡುವು ಮುಗಿದ ಮೇಲಿನ ಶನಿವಾರ ಬಂದವರು ಮೇಜಿನ ಮೇಲೆ ಒಂದು ದೊಡ್ಡ ಖಾಕಿ ಲಕೋಟೆ ಇಟ್ಟರು.

"ಏನಿದು?"

"ಡಾಕ್ಟರೇಟ್ ಹಾಕೋಕೆ. ಮಡಚದೆ ಹಿಡಿಸತ್ತೆ, ಅಳತೆ ನೋಡಿ ತಂದೆ."

ಮಂದಾಕಿನಿ ಆ ಲಕೋಟೆಯ ಹಿಂಭಾಗದಲ್ಲೇ ಪೆನ್ಸಿಲಿನಿಂದ ಚಿತ್ರ ಬರೆದರು. "ನೋಡಿ. ಇದು ಗೇಣುದ್ದದ ಕಬ್ಬಿಣದ ತುಂಡು. ಒಂದು ತುದಿ ಓರೆಯಾಗಿ ಚೂಪು. ನಡುವೆ ತೂತು. ತೂತಿನಲ್ಲಿ ಸ್ಕೂಟರಿನ ಹಳೇ ಕ್ಲಚ್ ವೈರು. ಇದರ ಬೆನ್ನಿಗೆ ಹಾರೆ ಕೊಟ್ಟು ಮೂರು ಅಡಿ ಕೆಳಕ್ಕೆ ಹೊಡೆಯೋದು. ಹೋಗುವಾಗ ನೆಟ್ಟಗೆ ಹೋಗತ್ತೆ. ಹಾರೆ ತೆಗೆದು ವೈರು ಎಳೆದರೆ ಕೆಳಗೆ ಅಡ್ಡ ತಿರುಗಿ ಕಚ್ಚಿಕೊಳ್ಳತ್ತೆ. ಎಷ್ಟು ಎಳೆದರೆ ಅಷ್ಟು ಗಟ್ಟಿ."

"ಮದುವೆಮನೆ ಪಂಕ್ತೀಲಿ ಎಲೆ ಮುಂದೆ ಕೂತವರ ಹಾಗೆ."

"ಗೂಟ ಅನ್ನಬೇಡಿ ಮತ್ತೆ. ಇದು ಲಂಗರು. ಕೇಂದ್ರದಿಂದ ಒಂದು ಮೊಳೆಯನ್ನೂ ತಂದಿಲ್ಲ. ಎಲ್ಲ ಗುಜರಿ ಅಂಗಡೀದು. ಒಂದು ಎಳನೀರಿನ ಖರ್ಚೂ ಆಗಿಲ್ಲ."

ಎಷ್ಟು ಎಳೆತ ತಡೆಯಬೇಕು ಎಂಬ ಲೆಕ್ಕವನ್ನೂ ಅವರು ಮಾಡಿದ್ದರು. ಹೆಗ್ಗಣದ ತೂಕಕ್ಕೆ ಮೂರು ನಾಯಿಗಳ ಎಳೆತ ಸೇರಿಸಿ, ಸುರಕ್ಷತೆಗೆಂದು ನಾಲ್ಕರಿಂದ ಗುಣಿಸಿ, ಮರಳನ್ನು ನಂಬಬಾರದೆಂದು ಎರಡರಿಂದ ಗುಣಿಸಿ, ತಮ್ಮ ಲೆಕ್ಕವನ್ನೂ ನಂಬಬಾರದೆಂದು ಮತ್ತೆ ಒಂದೂವರೆಯಿಂದ ಗುಣಿಸಿದ್ದರು. ಇಪ್ಪತ್ತೆಂಟು ವರ್ಷದ ಅಭ್ಯಾಸ. ಕೊನೆಗೆ ಬಂದ ಸಂಖ್ಯೆ ಒಂದು ಎಮ್ಮೆಗೆ ಸಲ್ಲುವಂತಿತ್ತು.

ಭಾನುವಾರ ಬೆಳಿಗ್ಗೆ ಪರೀಕ್ಷೆ. ಲಂಗರು ನೆಲದೊಳಗೆ ಇಳಿಯಿತು. ಹೊಡೆದದ್ದು ಮಂದಾಕಿನಿಯವರೇ, ಸೆರಗು ಸೊಂಟಕ್ಕೆ ಸಿಕ್ಕಿಸಿ. ವೈರಿನ ತುದಿಗೆ ಒಂದು ಕಟ್ಟಿಗೆಯ ಹಿಡಿ ಕಟ್ಟಿ ಗಂಡನ ಕೈಗೆ ಕೊಟ್ಟರು.

"ಎಳೀರಿ."

"ಎಷ್ಟು?"

"ಕಿತ್ತು ಬರೋವರೆಗೆ."

"ಯಾವುದು ಕಿತ್ತು ಬರೋವರೆಗೆ?"

ದಾಮೋದರ ಎಳೆದರು. ಹಿಮ್ಮಡಿ ಊರಿ ಎಳೆದರು. ತ್ರಿಪ್ಪುಣಿತ್ತುರದ ದೇವರನ್ನೆಲ್ಲ ನೆನೆದು ಎಳೆದರು. ಲಂಗರು ಅಲುಗಲಿಲ್ಲ. ಅವರ ಸೊಂಟದಲ್ಲಿ ಮಾತ್ರ 'ಕಟಕ್' ಎಂದಿತು.

ಗೋಡೆಯ ಮೇಲಿನಿಂದ ಅಚ್ಯುತನ್ ಕೇಳಿದರು: "ಸಾರ್, ಇದು ಹೆಗ್ಗಣಕ್ಕೋ, ಆನೆಗೋ?"

ಅಂದು ಸಂಜೆ ದಾಮೋದರ ಬೆನ್ನಿಗೆ ತೈಲ ಹಚ್ಚಿಕೊಂಡು, ಒಂದು ಕಡೆಗೆ ವಾಲಿಕೊಂಡು ರೈಲು ಹತ್ತಿದರು. ಮಂದಾಕಿನಿ ಲಂಗರಿಗೆ ಬೋನನ್ನು ಬಿಗಿದು, ವೈರಿನ ತುದಿಯನ್ನು ಕಬ್ಬಿಣದ ಪಟ್ಟಿಯಿಂದ ಕಚ್ಚಿಸಿ, ಸುತ್ತಿಗೆಯಲ್ಲಿ ಬಡಿದು ಒಂದಾಗಿಸಿದರು. ಇನ್ನು ಅದು ಬಿಚ್ಚುವ ಮಾತೇ ಇಲ್ಲ.

ಆ ವಾರ ನಾಯಿಗಳು ಬಂದವು, ಎಳೆದವು, ಸೋತವು. ಹೆಗ್ಗಣ ಬರಲಿಲ್ಲ. ಬೋನಿಗೆ ಪ್ರದಕ್ಷಿಣೆ ಹಾಕಿ ಗೆಣಸನ್ನಷ್ಟೇ ತಿಂದುಕೊಂಡು ಹೋಯಿತು. ಶುಕ್ರವಾರ ಮಂದಾಕಿನಿ ತಿನಿಸಿನ ದರ್ಜೆ ಏರಿಸಿದರು. ಸುಟ್ಟ ನೇಂದ್ರ ಬಾಳೆಹಣ್ಣು, ಬೆಲ್ಲ, ಮೇಲೆ ಒಂದು ಚಮಚ ತುಪ್ಪ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಫಾತಿಮಾ ಕೊಡೆ ಹಿಡಿದು ಬಂದರು.

"ಮೇಡಂ, ತಂಗಿಗೆ ಆಪರೇಷನ್ ಆಗಿದೆ. ಮೆಡಿಕಲ್ ಕಾಲೇಜಿಗೆ ಹೋಗಿ ನೋಡಿಕೊಂಡು ಎರಡು ಗಂಟೆ ಬಸ್ಸಿಗೆ ಬಂದುಬಿಡ್ತೀನಿ. ಅಮ್ಮಿಣಿಗೆ ದಿನ ತುಂಬಿದೆ. ಒಂದು ಕಣ್ಣಿಟ್ಟಿರ್ತೀರಾ?"

ಅಮ್ಮಿಣಿ ಎಂದರೆ ಆಡು. ಅದರ ಹಾಲನ್ನು ಆಯುರ್ವೇದದ ಅಂಗಡಿಗೆ ಕೊಟ್ಟು ಫಾತಿಮಾ ಅವರ ಜೀವನ ನಡೆಯುತ್ತಿತ್ತು. ಅಮ್ಮಿಣಿಗೆ ಒಂದು ಕೆಟ್ಟ ಚಾಳಿ. ಹೆರಿಗೆಯ ಹೊತ್ತಿಗೆ ಹಗ್ಗ ಕಡಿದುಕೊಂಡು ಸಮುದ್ರದ ಕಡೆಯ ಕೇದಗೆ ಪೊದೆಗಳಿಗೆ ಓಡಿಹೋಗುವುದು. ಹಿಂದಿನ ಎರಡು ಸಲವೂ ಹಾಗೇ ಆಗಿ ನಾಯಿಗಳ ಪಾಲಾದ ಮರಿಗಳು ಮೂರು.

"ಈ ಸಲವೂ ಕೈತಪ್ಪಿದರೆ ಇದನ್ನ ಇಟ್ಟುಕೊಳ್ಳೋಕಾಗಲ್ಲ ಮೇಡಂ, ಕೊಟ್ಟುಬಿಡಬೇಕು. ಅದಕ್ಕೇ ನಿಮಗೆ ಹೇಳ್ತಿರೋದು."

ಮಂದಾಕಿನಿಯವರಿಗೆ ಒಳಗೊಳಗೇ ಹಬ್ಬ. ಫಾತಿಮಾ ಮೊದಲ ಬಾರಿಗೆ ಏನನ್ನೋ ಕೇಳಿದ್ದರು. "ಒಂದು ಕಣ್ಣಲ್ಲ ಇತ್ತಾ, ಎರಡೂ ಇಡ್ತೀನಿ. ನೀವು ನಿಶ್ಚಿಂತೆಯಿಂದ ಹೋಗಿಬನ್ನಿ."

ಅವರು ಕುರ್ಚಿ ಹಾಕಿಕೊಂಡು ತೆಂಗಿನ ಮರಕ್ಕೆ ಕಟ್ಟಿದ್ದ ಅಮ್ಮಿಣಿಯ ಎದುರಿಗೆ ಕೂತರು. ಮೂರು ಗಂಟೆ ಕಾಲ ಆಡನ್ನು ನೋಡಿದರು, ಆಡು ಅವರನ್ನು ನೋಡಿತು. ಇಬ್ಬರಲ್ಲಿ ಯಾರೂ ನಗಲಿಲ್ಲ. ಹನ್ನೊಂದಕ್ಕೆ ಮನೆಯೊಳಗೆ ಕುಕ್ಕರ್ ಮೂರನೆಯ ಸಲ ಕೂಗಿತು. ಒಲೆ ಆರಿಸಿ ಬರಲು ಹಿಡಿದದ್ದು ನಾಲ್ಕು ನಿಮಿಷ. ಬರುವಷ್ಟರಲ್ಲಿ ಮರದಲ್ಲಿ ಒಂದು ಮೊಳ ತೆಂಗಿನ ಹಗ್ಗ ಜೋತಾಡುತ್ತಿತ್ತು, ಗೆಣಸಿನ ಪಾತಿಯಿಂದ ಆರ್ತನಾದ ಬರುತ್ತಿತ್ತು.

ತುಪ್ಪದ ಬಾಳೆಹಣ್ಣು ತನ್ನ ಕೆಲಸ ಮಾಡಿತ್ತು. ಅಮ್ಮಿಣಿಯ ತಲೆ ಕೊಂಬಿನ ಸಮೇತ ಬೋನಿನ ಒಳಗಿತ್ತು. ಹಲಗೆ ಬಾಗಿಲು ಕೊಂಬಿನ ಹಿಂದೆ ಕುತ್ತಿಗೆಯ ಮೇಲೆ ಇಳಿದಿತ್ತು. ಆಡು ಹಿಂದಕ್ಕೆ ಎಳೆಯುತ್ತಿತ್ತು. ಬೋನು ವೈರನ್ನು ಎಳೆಯುತ್ತಿತ್ತು. ಮೂರು ಅಡಿ ಕೆಳಗೆ ಲಂಗರು ಕೊಟ್ಟ ಮಾತಿಗೆ ತಪ್ಪದೆ ಕಚ್ಚಿಕೊಂಡಿತ್ತು.

ಮಂದಾಕಿನಿ ಬಾಗಿಲನ್ನು ಮೇಲೆತ್ತಲು ನೋಡಿದರು. ಏಳಲಿಲ್ಲ. ಆಡಿನ ಹೊಟ್ಟೆಯನ್ನು ತಬ್ಬಿ ಹಿಂದಕ್ಕೆ ಎಳೆದರು. ಆಡು ಇನ್ನೂ ಜೋರಾಗಿ ಕೂಗಿತು. ಬೋನನ್ನೇ ಎಳೆದರು. ತಮ್ಮ ಜೀವಮಾನದಲ್ಲಿ ಯಾವ ಪರೀಕ್ಷೆಯೂ ಇಷ್ಟು ಚೆನ್ನಾಗಿ ಪಾಸಾದದ್ದನ್ನು ಅವರು ನೋಡಿರಲಿಲ್ಲ.

ಹನ್ನೆರಡೂವರೆಗೆ ದಾಮೋದರ ಕೈಯಲ್ಲಿ ಬಾಳೆಕಾಯಿ ಚಿಪ್ಸಿನ ಪೊಟ್ಟಣ ಹಿಡಿದು ಬಂದಾಗ, ಹೆಂಡತಿ ಮರಳಿನಲ್ಲಿ ಮಂಡಿಯೂರಿ ಆಡಿಗೆ ಕೊಡೆ ಹಿಡಿದಿದ್ದರು.

"ಹೆಗ್ಗಣ ಬಹಳ ಬೆಳೆದಿದೆ" ಎಂದರು ದಾಮೋದರ.

"ಮಾತಾಡಬೇಡಿ. ಆ ಹಾರೆ ಕೊಡಿ."

ಅಗೆದರು. ಒಂದು ಬುಟ್ಟಿ ಮರಳು ತೆಗೆದರೆ ಒಂದೂವರೆ ಬುಟ್ಟಿ ಜಾರಿ ಒಳಗೆ ಬಿತ್ತು. ಅಚ್ಯುತನ್ ಎಷ್ಟೋ ವರ್ಷಗಳ ಮೇಲೆ ಗೋಡೆ ಬಿಟ್ಟು ಇಳಿದು ಗರಗಸದ ಬ್ಲೇಡು ತಂದರು. ವೈರಿನ ಮೇಲೆ ಅದು ಕಿರ್ರೆಂದ ಕೂಡಲೇ ಅಮ್ಮಿಣಿ ನಾಲ್ಕು ಕಾಲೂ ಎತ್ತಿ ಜಿಗಿಯಿತು. ಬ್ಲೇಡು ಎರಡು ತುಂಡಾಯಿತು.

"ಗೂಟ ಇಲ್ಲದಿದ್ದರೆ ಚೆನ್ನಾಗಿತ್ತು ಮೇಡಂ" ಎಂದರು ಅಚ್ಯುತನ್. "ಆಡು ಬೋನನ್ನ ಟೋಪಿ ಹಾಗೆ ಹಾಕಿಕೊಂಡು ಎಲ್ಲಾದರೂ ನೆರಳಿಗೆ ಹೋಗ್ತಿತ್ತು."

"ಅದು ಗೂಟ ಅಲ್ಲ, ಲಂಗರು" ಎಂದರು ದಾಮೋದರ ನಿಷ್ಠೆಯಿಂದ.

"ಬೋನು ಕತ್ತರಿಸಿಬಿಡೋಣ್ವಾ ಮಂದಾ?" ಎಂದು ಹೆಂಡತಿಯ ಕಡೆ ತಿರುಗಿದರು.

"ಅವರ ಅಪ್ಪ ಹೆಣೆದದ್ದು ರೀ."

"ಹಾಗಾದರೆ ಎಳೆಯೋಣ."

ಅಚ್ಯುತನ್ "ಒನ್ನು, ರಂಡು, ಮೂನ್ನು" ಎಂದರು. ಮೂವರೂ ಎಳೆದರು. ಇಬ್ಬರು ವಿದ್ಯಾವಂತ ಗಂಡಸರು ಮತ್ತು ಒಬ್ಬ ಡಾಕ್ಟರೇಟ್ ಪಡೆದ ಹೆಂಗಸು, ಒಟ್ಟಾರೆ ನೂರು ವರ್ಷದ ಸರ್ಕಾರಿ ಹಾಗೂ ಅರೆಸರ್ಕಾರಿ ಅನುಭವ, ಒಂದು ಗೇಣು ಕಬ್ಬಿಣದ ಎದುರು ಸೋತು ಮರಳಿನ ಮೇಲೆ ಕೂತುಬಿಟ್ಟಿತು.

ಆಗಲೇ ಅಮ್ಮಿಣಿಯೂ ಮಂಡಿ ಮಡಚಿ ಕೂತಿತು. ಕೂಗುವುದನ್ನು ನಿಲ್ಲಿಸಿತು. ಅದರ ಹೊಟ್ಟೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳಿತು. ಬಾಲದ ಕೆಳಗಿನ ಮರಳು ಒದ್ದೆಯಾಯಿತು.

"ಶುರುವಾಯ್ತು" ಎಂದರು ಅಚ್ಯುತನ್, ಮತ್ತು ಗೋಡೆಯ ಆಚೆಗೆ ಹೊರಟುಹೋದರು.

ಮಂದಾಕಿನಿಯವರಿಗೆ ಹೆದರಿಕೆಯಾಯಿತು. ಕಣ್ಣೆದುರೇ ಯಂತ್ರಗಳು ಸಿಡಿದಾಗಲೂ ಗಡಿಯಾರ ನೋಡಿ ಸಮಯ ಬರೆದುಕೊಂಡವರು ಅವರು. ಈಗ ಗಡಿಯಾರ ನೋಡಿದರೆ ಒಂದು ಐವತ್ತು. ಆಡು ಸತ್ತರೆ, ಮರಿ ಸತ್ತರೆ, ಎರಡು ಗಂಟೆಯ ಬಸ್ಸಿನಿಂದ ಇಳಿಯುವ ಆ ಹೆಂಗಸಿಗೆ ಏನು ಹೇಳುವುದು? ಹದಿನೇಳು ದಿನ ನನ್ನನ್ನು ಉಳಿಸಿದಿರಿ, ನಿಮ್ಮ ಆಡನ್ನು ನಾನು ಆರು ಗಂಟೆ ಕಾಲ ಉಳಿಸಲಾರದೆ ಹೋದೆ ಎಂದೇ? ಅವರು ಆಡಿನ ಬೆನ್ನು ಸವರಿದರು. ಬೋನಿನ ಸಂದಿಯಿಂದ ಅಂಗೈಯಲ್ಲಿ ನೀರು ಹಿಡಿದರು. "ತಾಳಮ್ಮ, ತಾಳು, ಬಂದುಬಿಡ್ತಾರೆ, ನನ್ನ ಬಂಗಾರ" ಎಂದು ಕನ್ನಡದಲ್ಲಿ ಹೇಳತೊಡಗಿದರು.

ಮೂವತ್ತು ವರ್ಷದ ದಾಂಪತ್ಯದಲ್ಲಿ ದಾಮೋದರ ಆ ದನಿಯನ್ನು ಕೇಳಿರಲಿಲ್ಲ. ಅವರು ಕೊಡೆಯನ್ನು ತಮ್ಮ ಕೈಗೆ ತೆಗೆದುಕೊಂಡರು.

ಎರಡೂ ಹತ್ತಕ್ಕೆ ಫಾತಿಮಾ ಬಂದರು. ಕೆದರಿದ ಪಾತಿ, ತುಂಡಾದ ಬ್ಲೇಡು, ಮರಳು ಮೆತ್ತಿದ ಮೇಡಂ, ಕೊಡೆ ಹಿಡಿದ ಸಾರ್, ಬೋನು ತೊಟ್ಟ ಆಡು, ಎಲ್ಲವನ್ನೂ ಒಂದು ಸಲ ನೋಡಿದರು. ಹಲಸಿನ ಮರದಿಂದ ಒಂದು ಎಲೆ ಕಿತ್ತು, ಬೋನಿನ ಆ ತುದಿಗೆ ಹೋಗಿ, ತಂತಿಗಳ ಸಂದಿಯಿಂದ ಎಲೆಯನ್ನು ಆಡಿನ ಮೂಗಿನ ಮುಂದೆ ಆಡಿಸಿದರು.

ಹೆರಿಗೆಯ ನೋವಿನಲ್ಲೂ ಆಡು ಆಡೇ. ಎಲೆಗಾಗಿ ಅದು ಕತ್ತನ್ನು ನಾಲ್ಕು ಬೆರಳು ಮುಂದಕ್ಕೆ ಚಾಚಿತು. ಬಾಗಿಲಿನ ಮೇಲೆ ಒತ್ತಿಕೊಂಡಿದ್ದ ಕೊಂಬು ಸಡಿಲವಾಯಿತು. ಫಾತಿಮಾ ಎಡಗೈಯಲ್ಲಿ ಹಲಗೆಯನ್ನು ಮೇಲೆತ್ತಿದರು. ಅದು ಬೆಣ್ಣೆಯ ಹಾಗೆ ಎದ್ದಿತು. ಬಲಗೈಯಲ್ಲಿ ಅಮ್ಮಿಣಿಯ ತಲೆಯನ್ನು ಓರೆ ಮಾಡಿ ಹೊರಗೆ ತೆಗೆದರು. ಎಲ್ಲ ಸೇರಿ ಹತ್ತು ಸೆಕೆಂಡು.

ಮೂರು ಗಂಟೆ ಕಾಲ ಹಿಂದಕ್ಕೆ ಎಳೆದವರೆಲ್ಲ ಬಾಗಿಲನ್ನು ಬಿಗಿಮಾಡುತ್ತಲೇ ಇದ್ದರು! ಎಳೆಯುವುದನ್ನೇ ಓದಿ, ಎಳೆಯುವುದನ್ನೇ ಕಲಿಸಿ, ಎಳೆತದ ಮೇಲೆ ಮುನ್ನೂರು ಪುಟದ ಪ್ರಬಂಧ ಬರೆದವರಿಗೆ ಮುಂದಕ್ಕೆ ತಳ್ಳಬಹುದು ಎಂಬುದು ತೋಚಿರಲಿಲ್ಲ.

ಇಪ್ಪತ್ತು ನಿಮಿಷದಲ್ಲಿ ಮೊದಲ ಮರಿ ಬಂತು, ಕಪ್ಪು. ಹಿಂದೆಯೇ ಎರಡನೆಯದು, ಕಪ್ಪು ಬಿಳಿ. ಎರಡನೆಯದು ಉಸಿರಾಡಲು ಹಿಂಜರಿಯಿತು. ಫಾತಿಮಾ ಅದನ್ನು ಎತ್ತಿ ಮಂದಾಕಿನಿಯವರ ಮಡಿಲಿಗೆ ಹಾಕಿದರು. "ಒರೆಸಿ ಮೇಡಂ. ಜೋರಾಗಿ. ಮೂಗು ಮೊದಲು." ಮಂದಾಕಿನಿ ಕೈಗೆ ಸಿಕ್ಕ ಬಟ್ಟೆಯಿಂದ, ಎಂದರೆ ಉಟ್ಟ ಸೀರೆಯ ಸೆರಗಿನಿಂದಲೇ, ಒರೆಸಿದರು. ಒರೆಸುತ್ತಲೇ ಇದ್ದರು. ಅದು ಸೀನಿತು. ದಾಮೋದರ "ಸೀನಿತು ಕಣೇ" ಎಂದು ಹೇಳಿ, ಮುಖ ಆ ಕಡೆ ತಿರುಗಿಸಿಕೊಂಡು ಬೆನ್ನು ನೋವೆಂದು ನೆಪ ಹೇಳಿದರು.

ಸಂಜೆ ನಾಲ್ಕಕ್ಕೆ ಗಂಡ ಹೆಂಡತಿ ಇಬ್ಬರೂ ಫಾತಿಮಾ ಅವರ ಜಗಲಿಯಲ್ಲಿ ಹಾಲಿಲ್ಲದ ಚಹಾ ಕುಡಿಯುತ್ತ ಕೂತಿದ್ದರು. ಮರಿಗಳು ಎದ್ದು ನಿಂತು, ಬಿದ್ದು, ಮತ್ತೆ ನಿಂತು ಹಾಲು ಕುಡಿದಿದ್ದವು.

ಮಂದಾಕಿನಿ ಲೋಟ ಕೆಳಗಿಟ್ಟರು. ಮನಸ್ಸಿನಲ್ಲೇ ಮಲಯಾಳದ ವಾಕ್ಯವನ್ನು ಎರಡು ಸಲ ಕಟ್ಟಿ ನೋಡಿಕೊಂಡು ಹೇಳಿದರು: "ಇತ್ತಾ, ತಪ್ಪಾಯಿತು. ನಿಮ್ಮ ಆಡನ್ನು ನಾನು ಕೊಲ್ಲುತ್ತಿದ್ದೆ."

"ಸಾರಮಿಲ್ಲ ಮೇಡಂ."

"ಇಲ್ಲ, ಪರವಾಗಿಲ್ಲ ಅನ್ನಬೇಡಿ."

"ನಿಜವಾಗಿ ಹೇಳ್ತಿದ್ದೀನಿ. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಸೃಷ್ಟಿಸಿದ ದೇವರಲ್ಲಿ ಒಂದೇ ಬೇಡಿಕೊಂಡೆ, ಇದು ಎಲ್ಲೂ ಓಡದೆ ಒಂದು ಕಡೆ ಇರಲಿ ಅಂತ. ಹಗ್ಗ ಕಡಿದರೂ ಇಲ್ಲೇ ಇತ್ತಲ್ಲ. ಪೊದೆಗೆ ಹೋಗಿದ್ದರೆ ಈ ಚಿಕ್ಕದನ್ನ ಯಾರು ಒರೆಸ್ತಿದ್ದರು?"

ಮಂದಾಕಿನಿ ಸೆರಗಿಗೆ ಮೆತ್ತಿದ್ದ ಮರಳನ್ನು ಕೊಡವಿದರು. ಆಮೇಲೆ ಇನ್ನೊಂದು ಪ್ರತಿಜ್ಞೆ ಮಾಡಿದರು. "ಆಯಿತು. ಆದರೆ ಆ ಹೆಗ್ಗಣವನ್ನು ನಾನು ಬಿಡುವುದಿಲ್ಲ. ಇನ್ನೊಂದು ವಾರ ಕೊಡಿ."

ಫಾತಿಮಾ ಚಹಾ ಸೋಸುತ್ತಿದ್ದ ಕೈ ನಿಲ್ಲಿಸಿದರು. "ಬೇಡ ಮೇಡಂ. ಅದನ್ನ ಬಿಟ್ಟುಬಿಡಿ."

"ಯಾಕೆ?"

"ಹೊರಗಿನ ಎರಡು ಸಾಲು ನಾನು ಅದಕ್ಕೆ ಅಂತಲೇ ನೆಡೋದು. ನಮ್ಮ ಉಮ್ಮನ ಕಾಲದಿಂದ ಹಾಗೇ. ಅಷ್ಟು ತಿಂದರೆ ಅದರ ಹೊಟ್ಟೆ ತುಂಬತ್ತೆ, ಒಳಗಿನ ಸಾಲಿಗೆ ಬರಲ್ಲ."

"ಮತ್ತೆ ನನಗೆ ಬೋನು ಯಾಕೆ ಕೊಟ್ಟಿರಿ?"

ಫಾತಿಮಾ ಸ್ವಲ್ಪ ಸಂಕೋಚದಿಂದ ದಾಮೋದರರ ಕಡೆ ನೋಡಿದರು. ಆಮೇಲೆ ಹೇಳಿದರು: "ಕಾಯಿಲೆಯಿಂದ ಎದ್ದಿದ್ದಿರಿ. ಆಫೀಸಿಗೆ ಹೋಗೋ ಹಾಗಿಲ್ಲ, ಸಾರ್ ಬರೋದು ಶನಿವಾರ. ದಿನವೆಲ್ಲ ಕಿಟಕಿ ಹತ್ತಿರ ಸುಮ್ಮನೆ ಕೂತಿರ್ತಿದ್ರಿ. ಊಟ ಸೇರ್ತಿರಲಿಲ್ಲ. ಏನಾದರೂ ಒಂದು ಕೆಲಸ ಸಿಕ್ಕಿದರೆ ಮೈಗೆ ಹತ್ತತ್ತೆ ಅಂತ ಕೊಟ್ಟೆ. ನೋಡಿ ಈಗ. ಮೂರು ಜನ ಎಳೆದರೂ ಬರದೇ ಇರೋದನ್ನ ನೀವೊಬ್ಬರೇ ಹೊಡೆದು ಇಳಿಸಿದ್ದೀರಿ."

ದಾಮೋದರರಿಗೆ ಚಹಾ ನೆತ್ತಿಗೇರಿ ಕೆಮ್ಮು ಬಂತು. ಬಹಳ ಹೊತ್ತು ಬಂತು.

ಮಂದಾಕಿನಿ ತಮ್ಮ ತೋಳುಗಳನ್ನು ನೋಡಿಕೊಂಡರು. ನಿಜವೇ, ಗಟ್ಟಿಯಾಗಿದ್ದವು. ಮೂರು ವಾರದಿಂದ ಊಟವೂ ಸೇರುತ್ತಿತ್ತು, ನಿದ್ದೆಯೂ ಬರುತ್ತಿತ್ತು. ಶುಶ್ರೂಷೆ ಹದಿನೇಳನೆಯ ದಿನಕ್ಕೆ ಮುಗಿಯಿತೆಂದು ಅವರು ತಿಳಿದಿದ್ದರು. ಗಂಜಿ ನಿಂತಿತ್ತು, ಅಷ್ಟೆ. ಉಪಕಾರ ತೀರಿಸುತ್ತೇನೆಂದು ಹಾರೆ ಹಿಡಿದು ಮಾಡಿದ ಯುದ್ಧವೆಲ್ಲ ಆ ಹೆಂಗಸು ಕೊಟ್ಟ ಇನ್ನೊಂದು ಔಷಧಿಯಾಗಿತ್ತು.

"ರಜೆ ಇನ್ನೂ ಹತ್ತು ದಿನ ಇದೆ ಇತ್ತಾ" ಎಂದರು ಕೊನೆಗೆ, ಶಾಲೆಯ ಹುಡುಗಿಯಷ್ಟು ಮೆತ್ತಗೆ. "ಮುಂದಿನ ವಾರಕ್ಕೆ ಏನು ಕೆಲಸ?"

ಫಾತಿಮಾ ಯೋಚಿಸಿದರು. "ಕೋಳಿಗೂಡಿನ ಬಾಗಿಲು ನಿಲ್ಲುತ್ತಿಲ್ಲ. ಅದಕ್ಕೊಂದು ಚಿಲಕ ಮಾಡಿಕೊಡ್ತೀರಾ?"

ಮಂದಾಕಿನಿ ನೆಟ್ಟಗೆ ಕೂತರು. "ಎಷ್ಟು ಎಳೆತ ತಡೀಬೇಕು?"

"ಅದೇನೋ ನನಗೆ ಗೊತ್ತಿಲ್ಲ ಮೇಡಂ" ಎಂದರು ಫಾತಿಮಾ. "ಬೆಳಿಗ್ಗೆ ನನ್ನ ಕೈಯಲ್ಲಿ ತೆಗೆಯೋಕೆ ಬಂದರೆ ಸಾಕು."